ಬೆಂಕಿ, ನೆಲ, ಕೂಳು
(ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಗಿನಿಂದ ಭೂಮಿ ಬಗ್ಗೆ ಮಾತಾಡಿದವರೆಲ್ಲ ಎಕರೆ, ಗುಂಟೆ, ಪಹಣಿ, ಹಕ್ಕುಪತ್ರದ ಲೆಕ್ಕದಲ್ಲಿ ಮಾತಾಡಿದರು. ಅದು ಬೇಕಾದ ಮಾತೇ. ನಾನು ಹೇಳಬೇಕು ಅಂತಿರೋದು ದೂರದೇಶದ ಒಂದು ಜನದ ವಿಚಾರ. ನೆಲವನ್ನ ಬರೆದುಕೊಟ್ಟ ಮೇಲೂ ಆ ನೆಲದಿಂದ ಉಣ್ಣುವ ಹಕ್ಕನ್ನ ಅವರು ಬಿಟ್ಟುಕೊಡಲಿಲ್ಲ. ಆ ಹಕ್ಕನ್ನೂ ಕಿತ್ತುಕೊಂಡಾಗ ನೂರೈವತ್ತು ವರ್ಷ ಹಳೆಯ ಕಾಗದ ಹಿಡಿದು ಕೋರ್ಟಿಗೆ ಹೋಗಿ ಗೆದ್ದರು. ಅವರ ಹೆಸರು ಒಜಿಬ್ವೆ. ತಮ್ಮನ್ನ ತಾವು ಅನಿಶಿನಾಬೆ ಅಂತಲೂ ಕರೆದುಕೊಳ್ಳುತ್ತಾರೆ.

ನಮ್ಮ ಸ್ಕೂಲು ಪುಸ್ತಕದಲ್ಲಿ ಇವರನ್ನೆಲ್ಲ ಒಟ್ಟಿಗೆ ಸೇರಿಸಿ 'ರೆಡ್ ಇಂಡಿಯನ್ನರು' ಅಂತ ಬರೆದಿದ್ದರು. ಅದು ದಾರಿತಪ್ಪಿ ಬಂದವನು ಇಟ್ಟ ಹೆಸರು. ಇನ್ನೊಬ್ಬ ಇಟ್ಟ ಹೆಸರಲ್ಲಿ ಕರೆಸಿಕೊಳ್ಳೋದು ಅಂದರೆ ಏನು ಅಂತ ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇವರ ಸೀಮೆ ಅಮೆರಿಕದ ಉತ್ತರ ಭಾಗ ಮತ್ತು ಕೆನಡಾ. ಅಲ್ಲಿ ದೊಡ್ಡ ದೊಡ್ಡ ಸರೋವರಗಳಿವೆ. ಅದರಲ್ಲಿ ಲೇಕ್ ಸುಪೀರಿಯರ್ ಅನ್ನೋದು ಎಲ್ಲಕ್ಕಿಂತ ದೊಡ್ಡದು. ವಿಸ್ತಾರ ಸುಮಾರು 82,000 ಚದರ ಕಿಲೋಮೀಟರು. ಅಂದರೆ ನಮ್ಮ ಇಡೀ ಕರ್ನಾಟಕದ ಅರ್ಧಕ್ಕೆ ಸ್ವಲ್ಪ ಕಮ್ಮಿ, ಅಷ್ಟೂ ಸಿಹಿನೀರು. ಅದರ ಸುತ್ತಲಿನ ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್, ಒಂಟಾರಿಯೊ ನಾಡುಗಳಲ್ಲಿ ಸಾವಿರಾರು ಕೆರೆ, ಹೊಳೆ, ಜೌಗು, ಪೈನ್ ಮರದ ಕಾಡು. ಚಳಿಗಾಲದಲ್ಲಿ ಕೆರೆ ಕೆರೆಯೇ ಹೆಪ್ಪುಗಟ್ಟುತ್ತೆ. ಒಜಿಬ್ವೆ ಜನ ಹಿಂದೆ ಪೂರ್ವದ ಸಮುದ್ರ ತೀರದಲ್ಲಿದ್ದರಂತೆ. ನೀರಿನ ಮೇಲೆ ಅನ್ನ ಬೆಳೆಯೋ ಜಾಗ ಸಿಗುವ ತನಕ ಪಡುವಲಿಗೆ ನಡೆಯಿರಿ ಅಂತ ಅವರಿಗೆ ಹಿರಿಯರ ಕಾಣ್ಕೆಯಾಯಿತಂತೆ. ತಲೆಮಾರುಗಟ್ಟಲೆ ನಡೆದು ಈ ಕೆರೆಗಳ ಸೀಮೆಗೆ ಬಂದು ನಿಂತರು. ಇದು ಅವರು ಇವತ್ತಿಗೂ ಮಕ್ಕಳಿಗೆ ಹೇಳುವ ಕತೆ.

ನೀರಿನ ಮೇಲೆ ಬೆಳೆಯೋ ಆ ಅನ್ನಕ್ಕೆ ಅವರ ಮಾತಲ್ಲಿ ಮನೂಮಿನ್ ಅಂತ ಹೆಸರು. ಇಂಗ್ಲಿಷಿನವರು ಅದನ್ನ 'ಕಾಡಕ್ಕಿ' ಅಂದರು. ನಮ್ಮ ಭತ್ತ ಅಲ್ಲ ಅದು, ಆಳ ಕಮ್ಮಿ ಇರೋ ಕೆರೆಯಲ್ಲಿ ತಾನಾಗಿ ಬೆಳೆಯೋ ಒಂದು ಹುಲ್ಲಿನ ಕಾಳು. ಬೇಸಿಗೆ ಮುಗಿಯುವ ಹೊತ್ತಿಗೆ, ಆಗಸ್ಟ್ ಕೊನೆ ಸೆಪ್ಟೆಂಬರಲ್ಲಿ ಕಾಳು ಬಲಿಯುತ್ತೆ. ಯಾವ ಕೆರೆ ಯಾವತ್ತು ಕೊಯ್ಲಿಗೆ ಬಂತು ಅಂತ ನೋಡಿ ಹೇಳೋ ಹಿರಿಯರು ಇರುತ್ತಾರೆ. ಅವರು ಹೇಳದೆ ಯಾರೂ ಕೆರೆಗೆ ಇಳಿಯುವಂತಿಲ್ಲ.

ದೋಣಿಯಲ್ಲಿ ಇಬ್ಬರು. ಒಬ್ಬರು ಉದ್ದ ಗಳುವಿನಿಂದ ದೋಣಿ ನೂಕುತ್ತಾರೆ. ಇನ್ನೊಬ್ಬರ ಎರಡು ಕೈಯಲ್ಲೂ ಹಗುರವಾದ ಸೀಡರ್ ಕೋಲು. ಒಂದು ಕೋಲಿನಿಂದ ದಂಟನ್ನ ದೋಣಿ ಮೇಲಕ್ಕೆ ಬಗ್ಗಿಸಿ ಇನ್ನೊಂದರಿಂದ ಸವರಿದ ಹಾಗೆ ತಟ್ಟುತ್ತಾರೆ. ಬಲಿತ ಕಾಳು ದೋಣಿಗೆ ಉದುರುತ್ತೆ. ಬಲಿಯದ್ದು ತೆನೆಯಲ್ಲೇ ಉಳಿಯುತ್ತೆ, ಕೆಲವು ದಿನ ಬಿಟ್ಟು ಮತ್ತೆ ಬರಬೇಕು. ಎಷ್ಟೋ ಕಾಳು ನೀರಿಗೆ ಬೀಳುತ್ತೆ. ಅದನ್ನ ಅವರು ನಷ್ಟ ಅಂತ ಎಣಿಸೋದಿಲ್ಲ, ಅದೇ ಮುಂದಿನ ವರ್ಷದ ಬಿತ್ತನೆ. ಗಿಡ ಕುಯ್ಯಲ್ಲ, ಕಿತ್ತು ಹಾಕಲ್ಲ.

ದಡಕ್ಕೆ ತಂದ ಕಾಳನ್ನ ಒಣಗಿಸಿ ಆಮೇಲೆ ಬೆಂಕಿಗೆ ಇಡುತ್ತಾರೆ. ಕಬ್ಬಿಣದ ಬಾಂಡಲಿ, ಕೆಳಗೆ ಸಣ್ಣ ಉರಿ. ಉದ್ದ ಹುಟ್ಟಿನಿಂದ ಒಂದೇ ಸಮ ತಿರುವುತ್ತಾ ಇರಬೇಕು. ಉರಿ ಜಾಸ್ತಿಯಾದರೆ ಕಾಳು ಸೀದುಹೋಗುತ್ತೆ, ಕಮ್ಮಿಯಾದರೆ ಸಿಪ್ಪೆ ಬಿಡಲ್ಲ, ಚಳಿಗಾಲಕ್ಕೆ ಬೂಷ್ಟು ಹಿಡಿಯುತ್ತೆ. ಹುರಿದದ್ದನ್ನ ಒಂದು ಗುಂಡಿಗೆ ಹಾಕಿ, ಶುಚಿಯಾದ ಮೆತ್ತನೆ ತೊಗಲಿನ ಜೋಡು ಹಾಕಿಕೊಂಡು ಅದರ ಮೇಲೆ ಕುಣಿಯುತ್ತಾರೆ. ಸಿಪ್ಪೆ ಬಿಡುತ್ತೆ. ಆಮೇಲೆ ಬರ್ಚ್ ಮರದ ತೊಗಟೆಯ ಮೊರದಲ್ಲಿ ಗಾಳಿಗೆ ಕೇರುತ್ತಾರೆ. ಇಲ್ಲಿ ಕೂತಿರೋ ಅಕ್ಕಂದಿರಿಗೆ ಕೇರೋದು ಹೇಗೆ ಅಂತ ಹೇಳಿಕೊಡಬೇಕಾ? ಹೀಗೆ ಸಿದ್ಧವಾದ ಕಾಳು ವರ್ಷಗಟ್ಟಲೆ ಕೆಡಲ್ಲ. ಹೆಪ್ಪುಗಟ್ಟಿದ ಚಳಿಗಾಲದಲ್ಲಿ ಪ್ರಾಣ ಉಳಿಸೋದು ಇದೇ.

ನೀರಲ್ಲಿ ಹುಟ್ಟಿದ ಕಾಳು ಬೆಂಕಿ ಮುಟ್ಟಿದ ಮೇಲೆಯೇ ಅನ್ನ ಆಗುತ್ತೆ. ಬೆಂಕಿಗೆ ಅವರ ಮಾತಲ್ಲಿ ಇಶ್ಕೊದೆ. ಚಳಿಗಾಲ ಕಳೆದು ಹಿಮ ಕರಗುವಾಗ ಮೇಪಲ್ ಮರಕ್ಕೆ ಗಾಯ ಮಾಡಿ ರಸ ಇಳಿಸುತ್ತಾರೆ. ಆ ರಸ ನೀರಿನ ಹಾಗಿರುತ್ತೆ. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಪಾಕ. ಇನ್ನೂ ಕುದಿಸಿ ತಿರುವಿದರೆ ಸಕ್ಕರೆ. ಹಗಲು ರಾತ್ರಿ ಒಲೆ ಆರಬಾರದು. ಯಾರಾದರೂ ತೀರಿಕೊಂಡರೆ ನಾಲ್ಕು ದಿನ ಬೆಂಕಿ ಆರದ ಹಾಗೆ ಸರದಿ ಮೇಲೆ ಕಾಯುತ್ತಾರೆ. ಸತ್ತವರ ಜೀವ ನಾಲ್ಕು ದಿನ ದಾರಿ ನಡೆಯುತ್ತೆ ಅನ್ನೋದು ಅವರ ನಂಬಿಕೆ.

ಈಗ ನಾನು ಹೇಳಬೇಕಾದ ಮುಖ್ಯ ಬೆಂಕಿಗೆ ಬರುತ್ತೀನಿ. ಅದು ಕಾಡಿಗೆ ಇಡುವ ಬೆಂಕಿ.

ಕಾಡಿಗೆ ಬೆಂಕಿ ಇಡೋದು ಅಂದ ಕೂಡಲೇ ನಮಗೆ ಕಳ್ಳತನ, ಕೇಡು, ಕೇಸು ನೆನಪಾಗುತ್ತೆ. ಹಾಗೆ ನಮಗೆ ಕಲಿಸಿದ್ದಾರೆ. ಒಜಿಬ್ವೆ ಜನ ನೆಲದಲ್ಲಿ ಇನ್ನೂ ತೇವ ಇರುವಾಗ, ಮೇಲಿನ ತರಗೆಲೆ ಹುಲ್ಲು ಮಾತ್ರ ಒಣಗಿರುವಾಗ, ಗಾಳಿ ನೋಡಿ, ಜಾಗ ನೋಡಿ ಸಣ್ಣ ಬೆಂಕಿ ಇಡುತ್ತಿದ್ದರು. ಅದು ಮಂಡಿ ಎತ್ತರ ಕೂಡ ಏಳದೆ ನೆಲ ಸವರಿಕೊಂಡು ಹೋಗುತ್ತೆ. ಬ್ಲೂಬೆರಿ ಅಂತ ಒಂದು ಸಣ್ಣ ಪೊದೆ ಹಣ್ಣಿದೆ. ಅದರ ಕಾಂಡ ನೆಲದೊಳಗೆ ಹರಡಿರುತ್ತೆ. ಮೇಲೆ ಸುಟ್ಟರೆ ಕೆಳಗಿನಿಂದ ಹೊಸ ಚಿಗುರು ಒಡೆಯುತ್ತೆ, ಎರಡು ಮೂರು ವರ್ಷಕ್ಕೆ ಹಳೆ ಪೊದೆಗಿಂತ ಎಷ್ಟೋ ಜಾಸ್ತಿ ಹಣ್ಣು ಬಿಡುತ್ತೆ. ಆ ಹಣ್ಣನ್ನ ಒಣಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ. ಎಳೆ ಚಿಗುರಿಗೆ ಜಿಂಕೆ ಬರುತ್ತೆ. ಕೆಂಪು ಪೈನ್ ಮರದ ತೊಗಟೆ ದಪ್ಪ, ಸಣ್ಣ ಬೆಂಕಿಗೆ ಅದು ಸಾಯಲ್ಲ. ಅದರ ಬೀಜ ಮೊಳೆಯೋದಕ್ಕೆ ಬೆಂಕಿ ಗುಡಿಸಿ ಬಿಟ್ಟ ಖಾಲಿ ಮಣ್ಣೇ ಬೇಕು. ಹೀಗೆ ಬೆಂಕಿಯೇ ಅವರ ನೇಗಿಲು, ಅದೇ ಕುಡುಗೋಲು.

ಇದು ಬಾಯಿಮಾತು ಅಂತ ಯಾರಾದರೂ ಅಂದರೆ ಮರಗಳೇ ಸಾಕ್ಷಿ ಹೇಳುತ್ತವೆ. ಸಣ್ಣ ಬೆಂಕಿ ಪೈನ್ ಮರದ ಒಂದು ಪಕ್ಕಕ್ಕೆ ಗಾಯ ಮಾಡುತ್ತೆ. ಮರ ಆ ಗಾಯ ಮುಚ್ಚಿಕೊಂಡು ಬೆಳೆಯುತ್ತೆ. ವರ್ಷಕ್ಕೊಂದು ಬಳೆಯ ಹಾಗೆ ಸುತ್ತು ಬೆಳೆಯೋದರಿಂದ, ಕೊಯ್ದು ನೋಡಿದರೆ ಯಾವ ವರ್ಷ ಬೆಂಕಿ ತಾಗಿತ್ತು ಅಂತ ಎಣಿಸಬಹುದು. ಮಿನೆಸೋಟ ಕೆನಡಾ ಗಡಿಯ ಲ್ಯಾಕ್ ಲಾ ಕ್ರಾ ಸರೋವರದ ದ್ವೀಪಗಳಲ್ಲಿ ವಿಜ್ಞಾನಿಗಳು ಹೀಗೆ ಎಣಿಸಿದ್ದಾರೆ. ಜನ ಓಡಾಡುತ್ತಿದ್ದ, ಇಳಿದುಕೊಳ್ಳುತ್ತಿದ್ದ ಜಾಗದಲ್ಲಿ ಬೆಂಕಿಯ ಗಾಯಗಳು ಮತ್ತೆ ಮತ್ತೆ ಸಿಗುತ್ತವೆ. ಸಿಡಿಲು ಬಿದ್ದೇ ಅಷ್ಟೊಂದು ಬೆಂಕಿ ಹತ್ತಿತು ಅನ್ನೋಕಾಗಲ್ಲ. 1900 ದಾಟಿದ ಮೇಲೆ ಆ ಗಾಯಗಳು ನಿಂತುಹೋಗುತ್ತವೆ. ಯಾಕೆ ನಿಂತವು? ಅದೇ ನೆಲದ ಕತೆ.

1837ರಲ್ಲಿ ಅಮೆರಿಕ ಸರ್ಕಾರ ಒಜಿಬ್ವೆ ಮುಖಂಡರ ಜೊತೆ ಒಪ್ಪಂದ ಮಾಡಿಕೊಂಡಿತು. ಸರ್ಕಾರಕ್ಕೆ ಬೇಕಾಗಿದ್ದು ಪೈನ್ ಮರ. 1842ರಲ್ಲಿ ಇನ್ನೊಂದು ಒಪ್ಪಂದ, ಆಗ ಬೇಕಾಗಿದ್ದು ತಾಮ್ರದ ಗಣಿ. ಲಕ್ಷಾಂತರ ಎಕರೆ ನೆಲ ಹೋಯಿತು. ಆದರೆ ಮುಖಂಡರು ಕಾಗದದಲ್ಲಿ ಒಂದು ಮಾತು ಬರೆಸಿಕೊಂಡರು. 1837ರ ಒಪ್ಪಂದದ ಐದನೇ ಕಲಮು: ಬಿಟ್ಟುಕೊಟ್ಟ ನೆಲ, ಹೊಳೆ, ಕೆರೆಗಳಲ್ಲಿ ಬೇಟೆಯಾಡೋದು, ಮೀನು ಹಿಡಿಯೋದು, ಕಾಡಕ್ಕಿ ಕೂಡಿಸೋದು ಈ ಜನರಿಗೆ ಇರುತ್ತದೆ. ಅದರ ಬಾಲಕ್ಕೆ ಸರ್ಕಾರದವರು ತಮ್ಮದೊಂದು ಮಾತು ಸೇರಿಸಿದರು, ಅಧ್ಯಕ್ಷರ ಇಚ್ಛೆ ಇರುವ ತನಕ ಅಂತ.

ಆ ಇಚ್ಛೆ ಹದಿಮೂರೇ ವರ್ಷಕ್ಕೆ ಮುಗಿಯಿತು. 1850ರಲ್ಲಿ ಅಧ್ಯಕ್ಷ ಟೇಲರ್ ಇವರೆಲ್ಲ ಪಡುವಲಿಗೆ ಎದ್ದುಹೋಗಬೇಕು ಅಂತ ಹುಕುಂ ಹೊರಡಿಸಿದ. ಜನ ಏಳಲಿಲ್ಲ. ಆಗ ಅಧಿಕಾರಿಗಳು ಉಪಾಯ ಮಾಡಿದರು. ಒಪ್ಪಂದದ ಪ್ರಕಾರ ವರ್ಷವರ್ಷ ಕೊಡಬೇಕಾದ ಹಣ, ಸಾಮಾನುಗಳನ್ನ ವಿಸ್ಕಾನ್ಸಿನ್ ಕಡೆ ಕೊಡೋದು ಬಿಟ್ಟು ದೂರದ ಸ್ಯಾಂಡಿ ಲೇಕ್‌ಗೆ ಬನ್ನಿ ಅಂದರು. ಚಳಿ ಶುರುವಾಗುವಾಗ ಜನ ಹೋದರು. ವಾರಗಟ್ಟಲೆ ಕಾಯಿಸಿದರು. ಸಿಕ್ಕಿದ್ದು ಕೆಟ್ಟುಹೋದ ಆಹಾರ. ಹೊಟ್ಟೆಬೇನೆ, ದಡಾರ ಬಿತ್ತು. ಅಲ್ಲೇ ಸತ್ತವರು, ಹಿಮದಲ್ಲಿ ವಾಪಸ್ ನಡೆಯುವಾಗ ಸತ್ತವರು ಸೇರಿ ಸುಮಾರು 400 ಜನ. ಸಾಲದಲ್ಲಿ ಕೊಡಬೇಕಾದ ಕೂಳನ್ನೇ ಬಲೆ ಮಾಡಿ ಒಡ್ಡಿದ ಲೆಕ್ಕ ಇದು. 1852ರಲ್ಲಿ ತೊಂಬತ್ತು ದಾಟಿದ ಮುಖಂಡ ಕೆಚೆವೈಷ್ಕೆ, ಇಂಗ್ಲಿಷಲ್ಲಿ ಚೀಫ್ ಬಫಲೊ, ತೊಗಟೆಯ ದೋಣಿ ಹತ್ತಿ ವಾಷಿಂಗ್ಟನ್ನಿಗೆ ಹೊರಟ. ಹೊಸ ಅಧ್ಯಕ್ಷ ಫಿಲ್‌ಮೋರ್ ಮುಂದೆ ಕೂತು ಮಾತಾಡಿ ಎತ್ತಂಗಡಿ ಹುಕುಂ ರದ್ದು ಮಾಡಿಸಿದ. 1854ರ ಒಪ್ಪಂದದಲ್ಲಿ ಅವರ ಸೀಮೆಯಲ್ಲೇ ಮೀಸಲು ನೆಲ ಗೊತ್ತುಮಾಡಿದರು. ಅಲ್ಲಿ ರಿಸರ್ವೇಶನ್ ಅಂದರೆ ಇದು, ನಮ್ಮ ಮೀಸಲಾತಿ ಅಲ್ಲ. ಊರು ಕಟ್ಟಿಕೊಳ್ಳೋದಕ್ಕೆ ಬಿಟ್ಟ ತುಂಡು ನೆಲ.

ಆ ತುಂಡನ್ನಾದರೂ ಬಿಟ್ಟರಾ? 1887ರಲ್ಲಿ ಇಡೀ ದೇಶಕ್ಕೆ, 1889ರಲ್ಲಿ ಮಿನೆಸೋಟಕ್ಕೆ ಕಾನೂನು ಮಾಡಿ, ಎಲ್ಲರಿಗೂ ಸೇರಿದ ನೆಲವನ್ನ ತಲೆಗಿಷ್ಟು ಅಂತ ಹಂಚಿದರು. ಮಿಕ್ಕಿದ್ದನ್ನ ಬಿಳಿಯರಿಗೆ ಬಿಟ್ಟರು. ವೈಟ್ ಅರ್ಥ್ ಅನ್ನೋ ಮೀಸಲು ನೆಲದಲ್ಲಿ 1906ರಲ್ಲಿ ಇನ್ನೊಂದು ಕಾನೂನು ಬಂತು. ಅಪ್ಪಟ ಇಂಡಿಯನ್ ಆದವನು ಭೂಮಿ ಮಾರುವಂತಿಲ್ಲ, ಮಿಶ್ರ ರಕ್ತದವನು ಮಾರಬಹುದು ಅಂತ. ಹಾಗಾದರೆ ಮರದ ಕಂಪನಿಗಳಿಗೆ ಲಾಭ ಯಾವುದು? ಎಲ್ಲರನ್ನೂ ಮಿಶ್ರ ರಕ್ತದವರು ಅಂತ ಸಾಧಿಸೋದು. 1910ರ ದಶಕದಲ್ಲಿ ದೊಡ್ಡ ವಿಜ್ಞಾನಿಗಳನ್ನ ಕರೆಸಿದರು. ಅವರು ಜನರ ಎದೆಯ ಚರ್ಮ ಗೀರಿ, ಗೆರೆ ಎಷ್ಟು ಕೆಂಪಾಗುತ್ತೆ ಅಂತ ನೋಡಿ, ಕೂದಲು ಅಳೆದು, ಇವನು ಅಪ್ಪಟ, ಇವನು ಬೆರಕೆ ಅಂತ ಬರೆದರು. ಹುಟ್ಟು ನೋಡಿ ಮನುಷ್ಯನ ಹಕ್ಕು ಅಳೆಯೋ ವಿದ್ಯೆ ನಮ್ಮ ದೇಶದ ಸೊತ್ತು ಮಾತ್ರ ಅಂತ ತಿಳಿಯಬೇಡಿ.

ನೆಲ ಹೋದ ಮೇಲೆ ಮರ ಹೋಯಿತು. ಕಂಪನಿಗಳು ಬೊಡ್ಡೆ ಸಾಗಿಸಿ ರೆಂಬೆ, ತುದಿಗಳನ್ನ ಕಾಡಲ್ಲೇ ರಾಶಿ ಬಿಟ್ಟವು. ಅದರ ನಡುವೆ ಕಿಡಿ ಕಾರುತ್ತಾ ರೈಲು. 1894ರ ಸೆಪ್ಟೆಂಬರ್ 1ರಂದು ಮಿನೆಸೋಟದ ಹಿಂಕ್ಲಿಯಲ್ಲಿ ಕಾಳ್ಗಿಚ್ಚು ಎದ್ದು 400ಕ್ಕೂ ಹೆಚ್ಚು ಜನ ಸತ್ತರು. 1918ರ ಅಕ್ಟೋಬರ್ 12ರಂದು ಕ್ಲೋಕೆ ಕಡೆ ರೈಲಿನ ಕಿಡಿಯಿಂದ ಎದ್ದ ಬೆಂಕಿಗೆ 453 ಜನ ಸತ್ತರು, ಎರಡೂವರೆ ಲಕ್ಷ ಎಕರೆ ಸುಟ್ಟಿತು. ಒಜಿಬ್ವೆ ಜನ ತಲೆಮಾರುಗಳಿಂದ ಇಡುತ್ತಿದ್ದ ಬೆಂಕಿ ಹಣ್ಣು ಕೊಟ್ಟಿತ್ತು. ಕಂಪನಿ ಹಚ್ಚಿದ ಬೆಂಕಿ ಹೆಣ ಕೊಟ್ಟಿತು. ಸರ್ಕಾರ ಎರಡಕ್ಕೂ ಒಂದೇ ಹೆಸರಿಟ್ಟು ಎರಡನ್ನೂ ಅಪರಾಧ ಮಾಡಿತು. 1908, 1909ರಲ್ಲಿ ಅಲ್ಲಿನ ಕಾಡುಗಳು ರಾಷ್ಟ್ರೀಯ ಅರಣ್ಯ ಅಂತ ಇಲಾಖೆಗೆ ಹೋದವು. 1935ರಲ್ಲಿ, ಎಲ್ಲೇ ಬೆಂಕಿ ಕಂಡರೂ ಮಾರನೇ ದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕು ಅಂತ ದೇಶಕ್ಕೆಲ್ಲ ನಿಯಮ ಬಂತು. 1944ರಿಂದ ಟೋಪಿ ಹಾಕಿದ ಕರಡಿಯ ಚಿತ್ರ ಅಂಟಿಸಿ, ಕಾಡಿನ ಬೆಂಕಿ ಅಂದರೆ ಪಾಪ ಅಂತ ಮಕ್ಕಳಿಗೂ ಕಲಿಸಿದರು.

ಈ ಅರಣ್ಯ ನೀತಿಗೂ ನಮಗೂ ಒಂದು ನಂಟು ಇದೆ, ಅದನ್ನ ಇಲ್ಲಿ ಹೇಳಿಬಿಡುತ್ತೀನಿ. ಅಮೆರಿಕದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥ, 1905ರಲ್ಲಿ ಕೂತವನು, ಗಿಫರ್ಡ್ ಪಿಂಚಾಟ್. ಅವನು ಯುವಕನಾಗಿ ಯುರೋಪಿನಲ್ಲಿ ಅರಣ್ಯವಿದ್ಯೆ ಕಲಿಯಲು ಹೋದಾಗ ಗುರುವಿನ ಹಾಗೆ ದಾರಿ ತೋರಿಸಿದವನು ಡೀಟ್ರಿಚ್ ಬ್ರಾಂಡಿಸ್. ಈ ಬ್ರಾಂಡಿಸ್ ಯಾರು? 1864ರಿಂದ ಬ್ರಿಟಿಷ್ ಇಂಡಿಯಾದ ಅರಣ್ಯ ಇಲಾಖೆ ಕಟ್ಟಿದವನು. ಕಾಡು ಅಂದರೆ ಮರಮುಟ್ಟು, ಕಾಡಿನ ಜನ ಅಂದರೆ ಕಾಟ ಅನ್ನೋ ಇಲಾಖೆಯ ಕಣ್ಣು ಎರಡೂ ಕಡೆ ಹತ್ತಿರದ ನೆಂಟನೇ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಗೆ ಮುಂಚೆ ತರಗು ಬೆಂಕಿ ಅಂತ ಸಣ್ಣಗೆ ಹಾಕುತ್ತಿದ್ದರು. 1974ರಲ್ಲಿ ಬೆಟ್ಟ ಅಭಯಾರಣ್ಯ ಆದ ಮೇಲೆ ಅದು ನಿಂತಿತು. ಲಂಟಾನ ಆಳೆತ್ತರ ಹಬ್ಬಿತು, ನೆಲ್ಲಿ ಮರಕ್ಕೆ ಬದನಿಕೆ ಹತ್ತಿತು. ಬೆಂಕಿ ನಿಂತದ್ದಕ್ಕೇ ಹೀಗಾಯಿತು ಅಂತ ಸೋಲಿಗರೇ ಹೇಳುತ್ತಾ ಬಂದಿದ್ದಾರೆ.

ಮತ್ತೆ ಒಜಿಬ್ವೆ ಸೀಮೆಗೆ ಬರೋಣ. ಬೆಂಕಿ ಹೋದ ಹಾಗೇ ಕೆರೆಯೂ ಹೋಯಿತು. ಮಿಸಿಸಿಪ್ಪಿ ನದಿಯ ತಲೆಯಲ್ಲಿ 1884ರಲ್ಲಿ ಸರ್ಕಾರ ವಿನಿಬಿಗೋಶಿಶ್ ಮತ್ತು ಲೀಚ್ ಲೇಕ್ ಅಣೆಕಟ್ಟು ಕಟ್ಟಿತು. ಮನೂಮಿನ್‌ಗೆ ನೀರು ಹದವಾಗಿರಬೇಕು. ಮಟ್ಟ ಏರಿಸಿದರೆ ಎಳೆ ಗಿಡ ಬೇರು ಸಮೇತ ಎದ್ದುಬರುತ್ತೆ. ಕಾಳು ಮುಳುಗಿತು, ಹುಲ್ಲುಗಾವಲು ಮುಳುಗಿತು, ಸಮಾಧಿಗಳೂ ಮುಳುಗಿದವು. ಮಕ್ಕಳನ್ನ ಹಾಸ್ಟೆಲ್ ಶಾಲೆಗಳಿಗೆ ಎಳೆದುಕೊಂಡು ಹೋಗಿ ಅವರ ಮಾತು ಆಡಿದರೆ ಹೊಡೆದರು. 1883ರ ಸರ್ಕಾರಿ ನಿಯಮದಲ್ಲಿ ಅವರ ಕುಣಿತ, ಆಚರಣೆಗಳೂ ಅಪರಾಧವಾದವು. ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1978ರಲ್ಲಿ. ಮನೂಮಿನ್, ಮೀನು, ಜಿಂಕೆ ಉಣ್ಣುತ್ತಿದ್ದವರ ಕೈಗೆ ರೇಷನ್ನಿನ ಬಿಳಿ ಹಿಟ್ಟು, ಹಂದಿ ಕೊಬ್ಬು, ಸಕ್ಕರೆ ಬಂತು. ಇವತ್ತು ಆ ಜನರಲ್ಲಿ ಸಕ್ಕರೆ ಕಾಯಿಲೆ ಮನೆಮನೆಯ ಮಾತು. ಸೋಮಾರಿಗಳು, ಅದಕ್ಕೇ ಕಾಯಿಲೆ ಅಂತ ಅಂದವರೂ ಇದ್ದಾರೆ. ಊಟ ಕಿತ್ತುಕೊಂಡವರ ಬಾಯಲ್ಲಿ ಈ ಮಾತು ಬಹಳ ಸಲೀಸಾಗಿ ಬರುತ್ತೆ.

ಇಷ್ಟೇ ಆಗಿದ್ದರೆ ಇದು ಗೋಳಿನ ಕತೆ. ಗೋಳು ಹೇಳೋದಕ್ಕೆ ನಾನು ಎದ್ದು ನಿಂತಿಲ್ಲ.

1968ರಲ್ಲಿ ಮಿನಿಯಾಪೊಲಿಸ್ ಪಟ್ಟಣದ ಕೇರಿಗಳಲ್ಲಿ ಪೊಲೀಸರ ಹೊಡೆತ ತಿಂದು ಬೇಸತ್ತವರು ಅಮೆರಿಕನ್ ಇಂಡಿಯನ್ ಮೂವ್‌ಮೆಂಟ್ ಕಟ್ಟಿದರು. ಕಟ್ಟಿದ ಡೆನಿಸ್ ಬ್ಯಾಂಕ್ಸ್, ಕ್ಲೈಡ್ ಬೆಲೆಕೋರ್ಟ್ ಒಜಿಬ್ವೆ ಜನರೇ. 1974ರಲ್ಲಿ ವಿಸ್ಕಾನ್ಸಿನ್ನಿನ ಲ್ಯಾಕ್ ಕೂರ್ಟೆ ಒರೈಲ್ ಮೀಸಲು ನೆಲದ ಇಬ್ಬರು ಅಣ್ಣತಮ್ಮಂದಿರು ಬೇಕೆಂದೇ ಗಡಿ ದಾಟಿದರು. ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಈಟಿಯಲ್ಲಿ ಮೀನು ಹಿಡಿದರು. ದಸ್ತಗಿರಿ ಆಯಿತು. ಅದೇ ಅವರಿಗೆ ಬೇಕಾಗಿತ್ತು. 1837, 1842ರ ಕಾಗದ ಕೋರ್ಟಿಗೆ ಹೋಯಿತು. 1983ರ ಜನವರಿ 25ರಂದು ಷಿಕಾಗೋದ ಫೆಡರಲ್ ಮೇಲ್ಮನವಿ ಕೋರ್ಟು, ನೆಲ ಕೊಟ್ಟರೂ ಹಿಡಿಯುವ, ಕೂಡಿಸುವ ಹಕ್ಕು ಇವರಲ್ಲೇ ಉಳಿದಿದೆ ಅಂತ ತೀರ್ಪು ಕೊಟ್ಟಿತು.

ತೀರ್ಪು ಬಂದ ಕೂಡಲೇ ಮೀನು ಬುಟ್ಟಿಗೆ ಬರಲಿಲ್ಲ. ಮುಂದಿನ ವರ್ಷಗಳಲ್ಲಿ, ಅದರಲ್ಲೂ 1987ರಿಂದ 1991ರ ತನಕ, ವಸಂತದ ರಾತ್ರಿಗಳಲ್ಲಿ ಒಜಿಬ್ವೆ ಕುಟುಂಬಗಳು ದೋಣಿ ಇಳಿಸೋ ಕಡವಿಗೆ ಬಂದರೆ ನೂರಾರು ಬಿಳಿಯರು ಸುತ್ತುಗಟ್ಟಿ ಕಲ್ಲು ಎಸೆದರು, ಬೈದರು. ಮೀನು ಉಳಿಸಿ, ಇಂಡಿಯನ್ನನಿಗೆ ಈಟಿ ಹಾಕಿ ಅನ್ನೋ ಅರ್ಥದ ಬೋರ್ಡು ಹಿಡಿದರು. ಕೆರೆಗೆ ಇಳಿಯೋದಕ್ಕೆ ಕಲ್ಲೇಟು ತಿನ್ನೋದು ಅಂದರೆ ಏನು ಅಂತ ಮಹಾಡದ ಹೆಸರು ಕೇಳಿದವರಿಗೆ ಗೊತ್ತು. ಇವರು ತಮಟೆಯಂಥ ತಮ್ಮ ನಗಾರಿ ಬಾರಿಸಿ ಹಾಡುತ್ತಾ ನಿಂತರು. ತಿರುಗಿ ಕಲ್ಲು ಬೀರದೆ ದೋಣಿ ಇಳಿಸಿದರು. 1984ರಲ್ಲೇ ತಮ್ಮದೇ ಮೀನು, ಕಾಡುಪ್ರಾಣಿ ಆಯೋಗ ಕಟ್ಟಿಕೊಂಡು, ಪ್ರತಿ ಕೆರೆಯ ಮೀನು ಲೆಕ್ಕ ತಾವೇ ಇಟ್ಟರು. ಮೀನು ಖಾಲಿ ಮಾಡುತ್ತಾರೆ ಅನ್ನೋ ಸುಳ್ಳಿಗೆ ಆ ಲೆಕ್ಕವೇ ಉತ್ತರ. 1999ರ ಮಾರ್ಚ್ 24ರಂದು ಅಮೆರಿಕದ ಸುಪ್ರೀಂ ಕೋರ್ಟು, ಮಿಲಾಕ್ಸ್ ಒಜಿಬ್ವೆ ಜನರ ಮೊಕದ್ದಮೆಯಲ್ಲಿ, 1850ರ ಎತ್ತಂಗಡಿ ಹುಕುಂ ಕಾನೂನಿಗೆ ಹೊರತಾದದ್ದು, 1837ರ ಹಕ್ಕು ಉಳಿದಿದೆ ಅಂತ ಹೇಳಿತು. ಐದು ಜನ ನ್ಯಾಯಮೂರ್ತಿಗಳು ಈ ಕಡೆ, ನಾಲ್ಕು ಜನ ಆ ಕಡೆ. ಒಂದೇ ಒಂದು ಓಟಿನ ಗೆಲುವು.

ಹಕ್ಕು ಇದ್ದರೆ ಸಾಲದು, ಉಣ್ಣೋ ವಸ್ತುವೇ ಉಳಿಯಬೇಕಲ್ಲ. ಕಬ್ಬಿಣದ ಗಣಿಗಳಿಂದ ಸಲ್ಫೇಟ್ ನೀರಿಗೆ ಸೇರುತ್ತೆ, ಕೆಸರಲ್ಲಿ ಅದು ವಿಷವಾಗಿ ಮನೂಮಿನ್ ಬೇರು ಕೊಲ್ಲುತ್ತೆ. ಕಾಡಕ್ಕಿ ಬೆಳೆಯೋ ನೀರಲ್ಲಿ ಲೀಟರಿಗೆ 10 ಮಿಲಿಗ್ರಾಂ ದಾಟಬಾರದು ಅಂತ ಮಿನೆಸೋಟ 1973ರಲ್ಲೇ ನಿಯಮ ಮಾಡಿ, ದಶಕಗಟ್ಟಲೆ ಜಾರಿ ಮಾಡದೆ ಇಟ್ಟುಕೊಂಡಿತು. ವಿಶ್ವವಿದ್ಯಾಲಯದವರು ಉದುರದ ತಳಿ ಮಾಡಿಕೊಟ್ಟರು. ಇವತ್ತು ಕಾಡಕ್ಕಿ ಅಂತ ಅಂಗಡಿಯಲ್ಲಿ ಮಾರೋದರಲ್ಲಿ ಬಹುಪಾಲು ಕಂಪನಿ ಗದ್ದೆಯಲ್ಲಿ ಯಂತ್ರ ಕೊಯ್ದದ್ದು. 2018ರಲ್ಲಿ ವೈಟ್ ಅರ್ಥ್ ಜನ ಮನೂಮಿನ್‌ಗೇ ಬದುಕುವ ಹಕ್ಕಿದೆ ಅಂತ ತಮ್ಮ ಕಾನೂನು ಮಾಡಿದರು. ಆದರೂ ಎನ್‌ಬ್ರಿಡ್ಜ್ ಕಂಪನಿಯ ಎಣ್ಣೆ ಪೈಪು, ಲೈನ್ 3, ಅವರ ಒಪ್ಪಂದದ ಸೀಮೆ ಸೀಳಿಕೊಂಡು 2021ರಲ್ಲಿ ಮುಗಿಯಿತು. ನೂರಾರು ಜನ ಜೈಲಿಗೆ ಹೋದರು.

ಅವರನ್ನ ದೇವರು ಮಾಡಿ ಕೂರಿಸೋದು ಬೇಡ. ಅದೇ ಪೈಪಿಗೆ ವೈಟ್ ಅರ್ಥ್, ರೆಡ್ ಲೇಕ್ ವಿರೋಧ ಮಾಡಿದರೆ, ಫಾಂಡ್ ಡು ಲ್ಯಾಕ್‌ನ ಕೌನ್ಸಿಲ್ 2018ರಲ್ಲಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿತು. ಹೇಗಿದ್ದರೂ ಹಾಕುತ್ತಾರೆ, ಹಣವಾದರೂ ಸಿಗಲಿ ಅನ್ನೋ ಲೆಕ್ಕ ಬಡವರ ಊರಿನಲ್ಲಿ ಯಾವಾಗಲೂ ಇದ್ದದ್ದೇ. ಅದನ್ನ ಬೈದು ಪ್ರಯೋಜನ ಇಲ್ಲ, ಅರ್ಥ ಮಾಡಿಕೊಳ್ಳಬೇಕು.

ಬೆಂಕಿಯೂ ನಿಧಾನವಾಗಿ ವಾಪಸ್ ಬರುತ್ತಾ ಇದೆ. ಕೆಲವು ಕಡೆ ಒಜಿಬ್ವೆ ಜನರ ಬೆಂಕಿ ತಂಡಗಳು ಮತ್ತೆ ಪೈನ್ ಕಾಡಲ್ಲಿ, ಬ್ಲೂಬೆರಿ ಬಯಲಲ್ಲಿ ಸಣ್ಣ ಬೆಂಕಿ ಇಡುತ್ತಿವೆ. ಹಿಂದೆ ತಡೆದಿದ್ದ ಇಲಾಖೆಯವರು, ವಿಶ್ವವಿದ್ಯಾಲಯದವರು ಈಗ ಪಕ್ಕದಲ್ಲಿ ನಿಂತು ಕಲಿಯುತ್ತಾರೆ. 2020ರ ಡಿಸೆಂಬರಿನಲ್ಲಿ, ರಾಷ್ಟ್ರೀಯ ಅರಣ್ಯಕ್ಕೆ ತಪ್ಪಾಗಿ ಸೇರಿಸಿಕೊಂಡಿದ್ದ ಸುಮಾರು 11,760 ಎಕರೆಯನ್ನ ಲೀಚ್ ಲೇಕ್ ಒಜಿಬ್ವೆಗೆ ವಾಪಸ್ ಕೊಡಲು ಕಾನೂನಾಯಿತು. ಹೋದದ್ದರ ಮುಂದೆ ಇದು ಒಂದು ಹಿಡಿ. ಆದರೆ ಹಿಡಿ ಹಿಡಿಯಾಗಿಯೇ ಮೊರ ತುಂಬೋದು.

ಗೆಳೆಯರೆ, ಈ ಜನರಿಂದ ನಾವು ತಿಳಿಯಬೇಕಾದದ್ದು ಇಷ್ಟು. ನೆಲದ ಹಕ್ಕು, ಅದರಲ್ಲಿ ಬೆಳೆದದ್ದನ್ನ ಉಣ್ಣುವ ಹಕ್ಕು, ಆ ನೆಲವನ್ನ ಹೇಗೆ ನೋಡಿಕೊಳ್ಳಬೇಕು ಅನ್ನೋ ತಿಳಿವಳಿಕೆಯ ಹಕ್ಕು, ಮೂರೂ ಒಂದೇ. ಅವರ ಬೆಂಕಿಯನ್ನ ಅಪರಾಧ ಅಂದ ದಿನವೇ ಅವರ ತಟ್ಟೆ ಅರ್ಧ ಖಾಲಿಯಾಯಿತು. ಮತ್ತೆ, ಅವತ್ತು ಓದು ಬರಹ ಗೊತ್ತಿಲ್ಲದ ಮುಖಂಡರು ಹಟ ಹಿಡಿದು ಒಂದು ಕಲಮು ಬರೆಸಿಕೊಂಡರು. ಅದನ್ನ ಓದಬಲ್ಲ ಮರಿಮಕ್ಕಳು ಹುಟ್ಟಿದ ಮೇಲೆ ಆ ಕಲಮು ಕೆಲಸ ಮಾಡಿತು. ನಮ್ಮ ಊರುಗಳಲ್ಲಿ ಪೆಟ್ಟಿಗೆ ತಳದಲ್ಲಿ, ಸೂರಿನ ಸಂದಿಯಲ್ಲಿ ಇರೋ ಹಳೆ ಕಾಗದಗಳನ್ನ ಗೆದ್ದಲಿಗೆ ಬಿಡಬೇಡಿ. ತಾತ ಅಜ್ಜಿಯರಿಗೆ ಯಾವ ಗಿಡ ಯಾವಾಗ ಉಣ್ಣೋದು ಅಂತ ಗೊತ್ತಿರೋದನ್ನ ಕೇಳಿ ಬರೆದಿಡಿ. ಅದೂ ದಾಖಲೆಯೇ.

ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೀನಿ. ಪ್ರಶ್ನೆ ಇದ್ದರೆ ಕೇಳಿ, ಊಟಕ್ಕೆ ಇನ್ನೂ ಹೊತ್ತಿದೆ.